ನಮ್ಮ ಉಪ್ಪಿಟ್ಟಿಗೆ ಹತ್ತಕ್ಕೆ ನಾಲ್ಕು

ಆ ಹುಡುಗನ ಮುಖ ಕಂಡರೆ ನೇತ್ರಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎದುರೆದುರು ಎಂದೂ ನೋಡಿದವಳಲ್ಲ, ಮೊಬೈಲಿನಲ್ಲಿ ನೋಡಿದ್ದಷ್ಟೇ. ಅಷ್ಟೇ ಸಾಕಾಗಿತ್ತು. ಎಂಟೋ ಒಂಬತ್ತೋ ವರ್ಷದ ಪೋರ. ಕೂದಲಿಗೆ ಅದೇನೋ ಮೆತ್ತಿಕೊಂಡು, ಕೋಟು ಹಾಕಿಕೊಂಡು, ಬೆಳಗಾವಿಯ ಯಾವುದಾದರೊಂದು ಹೋಟೆಲಿನಲ್ಲಿ ದೊಡ್ಡ ಮನುಷ್ಯನಂತೆ ಕೂತಿರುತ್ತಿದ್ದ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ದೇವರು ಮೈಮೇಲೆ ಬರುವ ಹಾಗೆ ಒಂದು ಕ್ಷಣ ಅಲುಗಾಡದೆ ಕೂತು, ಆಮೇಲೆ ಕಣ್ಣು ತೆರೆದು ಬೆರಳೆತ್ತಿ "ಹತ್ತಕ್ಕ ಒಂಬತ್ತ!" ಎನ್ನುತ್ತಿದ್ದ. ಹಿಂದೆ ಢಣ್ ಎಂದು ಸದ್ದು. ಅಲ್ಲಿಗೆ ಮುಗಿಯಿತು. ಇದನ್ನು ನೋಡಲು ಲಕ್ಷಗಟ್ಟಲೆ ಜನ, ಕೈಯಲ್ಲಿ ಕೆಲಸವಿಲ್ಲದವರು, ತಲೆಯಲ್ಲಿ ಏನೂ ಇಲ್ಲದವರು. ಪುಟದ ಹೆಸರು 'ಹತ್ತಕ್ಕೆಷ್ಟು'. ಹುಡುಗನಿಗೆ ಅದರಲ್ಲಿ ಇಟ್ಟ ಹೆಸರು 'ಚೋಟೆ ಸಾವಕಾರ'.

ನೋಡುವವರು ನೋಡಿಕೊಂಡು ಹಾಳಾಗಲಿ ಎಂದು ನೇತ್ರಾ ಸುಮ್ಮನಿರುತ್ತಿದ್ದಳೇನೋ. ಆದರೆ ಆ ಪೀಡೆ ಅವಳ ಶಾಲೆಯನ್ನೇ ಹೊಕ್ಕಿತ್ತು. ಖಾನಾಪುರದ ಒಂದು ಸರಕಾರಿ ಶಾಲೆಯಲ್ಲಿ ಅವಳು ಮೂರನೇ ಇಯತ್ತೆಯ ಟೀಚರು. ಮೊದಲೆಲ್ಲ ಬಿಸಿಯೂಟದ ಹೊತ್ತಿಗೆ ತಾಟಿಗೆ ಅನ್ನ ಬೀಳುವುದೇ ತಡ, ಮಕ್ಕಳು ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಈಗ ಒಂದು ತುತ್ತು ಇಟ್ಟುಕೊಂಡು ಸಾಲಿಗೆ ಸಾಲೇ ಕಣ್ಣು ಮುಚ್ಚಿ ಕೂರುತ್ತಿತ್ತು. ಅಡುಗೆಯ ಲಕ್ಷ್ಮೀ ಸೌಟು ಹಿಡಿದು ಪರೀಕ್ಷೆ ಬರೆದವಳಂತೆ ಕಾಯಬೇಕು. "ಸಾರು ಹತ್ತಕ್ಕ ಮೂರ!" ಎಂದು ಒಂದು ಕೂಗಿತೆಂದರೆ ಉಳಿದವೆಲ್ಲ ಮೂರ, ಮೂರ ಎಂದು ತಾಟು ಬದಿಗೆ ಸರಿಸುತ್ತಿದ್ದವು. ತತ್ತಿಗೆ ಐದು. ಬಾಳೆಹಣ್ಣಿಗೆ ಎರಡು. ಮನೆಯಲ್ಲಿ ಬೆಳಿಗ್ಗೆ ಚಹಾ ಬಿಟ್ಟರೆ ಬೇರೇನೂ ಕಾಣದ ಮಕ್ಕಳು ಇವು! ಮಧ್ಯಾಹ್ನ ಮೂರರ ಹೊತ್ತಿಗೆ ಅವೇ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದವು. "ಟೀಚರ್, ಹೊಟ್ಟಿ ನೋಯಾಕತ್ತೈತ್ರಿ."

"ನೋಯೂದಿಲ್ಲೇನು? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು!" ಎಂದು ನೇತ್ರಾ ಬೈದು, ಉಳಿದ ಅನ್ನವನ್ನು ಮತ್ತೆ ಬಡಿಸುತ್ತಿದ್ದಳು. ಮಕ್ಕಳನ್ನು ಬೈದು ಏನು ಬಂತು? ಬೈಯಬೇಕಾದ್ದು ಆ ಚೋಟೆ ಸಾವಕಾರನನ್ನು ಹೆತ್ತವರನ್ನು. ಅವರೊಮ್ಮೆ ನನ್ನ ಕೈಗೆ ಸಿಗಬೇಕು ಎಂದು ಅವಳು ಹಲ್ಲು ಕಡಿಯುತ್ತಿದ್ದಳು.

ಇದನ್ನೆಲ್ಲ ಅವಳು ಅಮರನಿಗೆ ಫೋನಿನಲ್ಲಿ ಹೇಳಿದ್ದಳು.

ಅಮರ ಯಾರೆಂದರೆ, ನೇತ್ರಾಳಿಗೆ ನೋಡಿದ ಗಂಡು. ಬೆಳಗಾವಿಯ ಸದಾಶಿವನಗರದವನು, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಅವನಿಗಿಂತ ಮುಂಚೆ ಬಂದು ಹೋದ ಗಂಡುಗಳ ಕಥೆ ಕೇಳಬಾರದು. ಒಬ್ಬ ಬಂದವನೇ ಅವಳ ಪಗಾರದ ಚೀಟಿ ಕೇಳಿದ. ಇನ್ನೊಬ್ಬ ಮಾತು ಮುಗಿಯುವತನಕ ಟಿವಿಯ ಗಾಜಿನಲ್ಲಿ ತನ್ನ ಕ್ರಾಪು ನೋಡಿಕೊಂಡ. ಮತ್ತೊಬ್ಬ ಬಾಯೇ ತೆರೆಯಲಿಲ್ಲ, ಅವನ ಬದಲು ಅವನ ಅವ್ವ ನಕ್ಕಳು, ಅವನ ಅವ್ವನೇ ನಾಚಿದಳು. ನೇತ್ರಾ ಎಲ್ಲರನ್ನೂ ಒಲ್ಲೆ ಎಂದಿದ್ದಳು. "ನಿನಗ ಬೇಕಾದ ಗಂಡು ಇನ್ನೂ ಹುಟ್ಟಿಲ್ಲ ತಗೊ," ಎಂದು ಅವಳ ಅಪ್ಪ ದುಂಡಪ್ಪ ಪಾರಿಶ್ವಾಡದ ಹೊಲಕ್ಕೆ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಅನ್ನುತ್ತಿದ್ದ.

ಅಮರ ಹಾಗಲ್ಲ ಎಂದು ಅವಳಿಗೆ ಅನಿಸಿತ್ತು. ಮಧ್ಯಸ್ಥರು ನಂಬರು ಕೊಟ್ಟ ಮೇಲೆ ದಿನಾ ಸಂಜೆ ಫೋನು ಮಾಡುತ್ತಿದ್ದ. ಮಾತು ಕಡಿಮೆ, ಕೇಳುವುದು ಹೆಚ್ಚು. "ಇವತ್ತ ಸಾಲ್ಯಾಗ ಏನಾತ್ರಿ?" ಎಂದು ಕೇಳಿ ಸುಮ್ಮನಾಗುತ್ತಿದ್ದ. ಹೆಣ್ಣಿನ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವ ಗಂಡಸನ್ನು ನೇತ್ರಾ ಆತನಕ ಕಂಡಿರಲಿಲ್ಲ. ಚೋಟೆ ಸಾವಕಾರನ ವಿಷಯ ತೆಗೆದು ಅವಳು ಹರಿಹಾಯ್ದ ದಿನವಂತೂ ಆ ಕಡೆಯಿಂದ ಎಷ್ಟೋ ಹೊತ್ತು ಉಸಿರೇ ಇಲ್ಲ. ಕಡೆಗೆ, "ಖರೇ ಐತ್ರಿ. ಹುಡುಗರು ಹಾಳಾಗಾಕತ್ತಾವ," ಎಂದ. ಎಷ್ಟು ಮನಸ್ಸಿಗೆ ಹಚ್ಚಿಕೊಂಡ ನೋಡು ಎಂದು ಅವಳಿಗೆ ಅವನ ಮೇಲೆ ಅಕ್ಕರೆ ಬಂತು. ಈ ಸಲ ಹೂಂ ಅಂದುಬಿಡಬೇಕು ಎಂದು ಆವತ್ತೇ ನಿರ್ಧಾರ ಮಾಡಿದಳು. ಹಾಗೆ ನಿರ್ಧಾರ ಮಾಡಿದ್ದು ಇಪ್ಪತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಒಂದು ರವಿವಾರ ಬೆಳಿಗ್ಗೆ ಅವರು ಕನ್ಯಾ ನೋಡಲು ಬಂದರು. ಕಾರಿನಿಂದ ಮೊದಲು ಇಳಿದವರು ಅಮರನ ಅಪ್ಪ ಉಳವಪ್ಪನವರು, ಬಿಳಿ ಅಂಗಿ, ಹಣೆತುಂಬ ವಿಭೂತಿ. ಆಮೇಲೆ ಅಮರ, ಫೋಟೋದಲ್ಲಿದ್ದುದಕ್ಕಿಂತ ಲಕ್ಷಣವಾಗಿಯೇ ಇದ್ದ. ಅವನ ಹಿಂದೆ ಅವನ ವೈನಿ, ಅಂದರೆ ಅಣ್ಣನ ಹೆಂಡತಿ, ಸಪ್ನಾ; ಮುಖಕ್ಕೆ ಮೆತ್ತಿಕೊಂಡಿದ್ದು ಮೂರು ಮದುವೆಗೆ ಸಾಕಾಗುವಷ್ಟಿತ್ತು. ಅವಳ ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಬಳೆಯಾಕಾರದ ದೀಪ. ಕಡೆಗೆ ಅವಳ ಮಗ ಇಳಿದ.

ಕಿಟಕಿಯಿಂದ ನೋಡುತ್ತಿದ್ದ ನೇತ್ರಾ ಹೌಹಾರಿದಳು. ಅದೇ ಕೂದಲು, ಅದೇ ಕೋಟು! "ಅವ್ವಾ, ಚೋಟೆ ಸಾವಕಾರ ಬಂದಾನ," ಎಂದಳು.

"ಯಾವ ಸಾವಕಾರ್ರ? ಎಷ್ಟ ಮಂದಿ ಬಂದಾರ? ಉಪ್ಪಿಟ್ಟ ಸಾಲತೈತೋ ಇಲ್ಲೋ!" ಎಂದು ಅವ್ವ ಕಾಶವ್ವ ಗಾಬರಿಯಾದಳು.

ಹಾಗಾದರೆ ಅಮರ ಫೋನಿನಲ್ಲಿ ಸುಮ್ಮನಾಗಿದ್ದು ಇದಕ್ಕೆ! ತನ್ನ ಅಣ್ಣನ ಮಗನನ್ನೇ ಅವಳು ಹಿಗ್ಗಾಮುಗ್ಗಾ ಜಾಡಿಸುತ್ತಿದ್ದರೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ. ನೇತ್ರಾಳಿಗೆ ಸಿಟ್ಟು ಬಂತು. ಆದರೆ ಮನಸ್ಸಿಗೆ ಹಿಡಿಸಿದವನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಪಾಪ, ನಾಚಿಕೆಯಾಗಿರಬೇಕು, ಹೇಗೆ ಹೇಳಿಯಾನು ಎಂದು ಅವಳೇ ಅವನ ಪರವಾಗಿ ವಕೀಲಿ ಮಾಡಿಕೊಂಡಳು. ಮನೆಯವರೆಲ್ಲ ಹುಚ್ಚರಾದರೆ ಅವನೇನು ಮಾಡಬೇಕು? ಮದುವೆಯಾದ ಮೇಲೆ ಬೇರೆ ಮನೆ ಮಾಡಿದರಾಯಿತು ಎಂಬಲ್ಲಿಯವರೆಗೂ ಅವಳ ಲೆಕ್ಕಾಚಾರ ಓಡಿತು.

ಕಾಶವ್ವ ಉಪ್ಪಿಟ್ಟು-ಶಿರಾ ಮಾಡಿದ್ದಳು. ಆದರೆ ಕನ್ಯಾ ನೋಡಲು ಬಂದವರ ಮುಂದೆ "ನಮ್ಮ ಹುಡುಗಿನೇ ಮಾಡ್ಯಾಳ್ರಿ" ಅನ್ನುವುದು ಈ ಕಡೆಯ ರೀತಿ. ಕೇಳುವವರಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ, ಅವರ ಮನೆಯಲ್ಲೂ ಹೆಣ್ಣುಮಕ್ಕಳು ಇರುತ್ತಾರಲ್ಲ. "ಭಾಳ ಛಲೋ ಆಗೈತಿ" ಎಂದು ಅವರೂ ಸುಳ್ಳೋ ನಿಜವೋ ಒಂದು ಮಾತು ಹೇಳುತ್ತಾರೆ. ಹೀಗೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ.

ನೇತ್ರಾ ತಟ್ಟೆಗಳನ್ನು ತಂದಿಟ್ಟಳು. ಉಳವಪ್ಪನವರು ಹೆಸರು ಕೇಳಿದರು, ಶಾಲೆ ಕೇಳಿದರು. ಅಮರ ಒಮ್ಮೆ ತಲೆಯೆತ್ತಿ ನೋಡಿ ಕಿವಿಯತನಕ ಕೆಂಪಾಗಿ ಮತ್ತೆ ತಗ್ಗಿಸಿದ. ಅಷ್ಟರಲ್ಲಿ ಸಪ್ನಾ ಸ್ಟ್ಯಾಂಡು ನಿಲ್ಲಿಸಿ ದೀಪ ಹಚ್ಚಿದಳು. ಹಾಡುಹಗಲೇ ದೀಪ! "ಒಂದ ಸಣ್ಣ ವಿಡಿಯೋ ಅಷ್ಟರಿ, ಅನಿಕೇತ ಇಲ್ಲೀತನಕ ಮನಿ ಉಪ್ಪಿಟ್ಟ ಮಾಡೇ ಇಲ್ಲ," ಎಂದಳು. ಮಾಡೇ ಇಲ್ಲ ಅಂದರೆ ತಿಂದೇ ಇಲ್ಲ ಎಂದೋ ವಿಡಿಯೋ ಮಾಡಿಲ್ಲ ಎಂದೋ, ಅವಳ ಭಾಷೆಯಲ್ಲಿ ಎರಡೂ ಒಂದೇ ಇದ್ದಿರಬೇಕು.

ಅನಿಕೇತ ಬೆನ್ನು ನೆಟ್ಟಗೆ ಮಾಡಿ ಕೂತ. ಹತ್ತಿರದಿಂದ ನೋಡಿದರೆ ಹುಡುಗ ಕೊಕ್ಕರೆಯ ಹಾಗಿದ್ದ. ಕೋಟಿನ ಹೆಗಲು ಅವನ ಹೆಗಲಿಗಿಂತ ಅಗಲ. ಇಷ್ಟು ಹೋಟೆಲು ತಿರುಗಿ ತಿಂದ ಮಗು ಹೀಗೇಕಿದೆ ಎಂದು ನೇತ್ರಾಳಿಗೆ ಸೋಜಿಗವಾಯಿತು. ಹುಡುಗ ಒಂದು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ. ದುಂಡಪ್ಪನೂ ಉಸಿರು ಬಿಗಿಹಿಡಿದ, ಹೊಲದ ಮಾಲಿಗೆ ಸವಾಲು ಕೂಗುವಾಗ ಕಾದು ನಿಂತ ಹಾಗೆ.

"ಹತ್ತಕ್ಕ ನಾಲ್ಕ!"

ಬಾಗಿಲ ಮರೆಯಲ್ಲಿ ನಿಂತಿದ್ದ ಕಾಶವ್ವನ ಮುಖ ಬಾಡಿದ್ದು ನೇತ್ರಾಳಿಗೆ ಮಾತ್ರ ಕಂಡಿತು. ಓಣಿಯಲ್ಲಿ ಯಾರ ಮನೆಯ ಕಾರ್ಯವಾದರೂ ಉಪ್ಪಿಟ್ಟಿಗೆ ಕಾಶವ್ವನನ್ನೇ ಕರೆಯುತ್ತಿದ್ದರು. ಈಗ ಅದನ್ನು ಹೇಳಿಕೊಳ್ಳುವ ಹಾಗಿಲ್ಲ, ಮಗಳು ಮಾಡಿದ್ದೆಂದು ಹೇಳಿ ಆಗಿದೆ. ತಾನೇ ಆಡಿದ ಸುಳ್ಳಿಗೆ ಕಟ್ಟುಬಿದ್ದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಸಪ್ನಾ ನಕ್ಕಳು. "ನಾನ ಹೇಳಿದ್ದು ನಾಲ್ಕ ಕೊಡ ಅಂತ. ಕಡಿಮಿ ಕೊಟ್ರ ಮಂದಿ ಜಗಳಾಡ್ತಾರ, ಕಾಮೆಂಟ್ ಜಾಸ್ತಿ ಬರ್ತಾವ. ಅನಿ, ಇನ್ನೊಮ್ಮಿ. ಮೋತಿ ಸಣ್ಣದ ಮಾಡಬೇಕ, ಅಂದ್ರ ಸೇರಿಲ್ಲ ಅನ್ನೂದ ಗೊತ್ತಾಗ್ತೈತಿ."

ಹುಡುಗ ಇನ್ನೊಂದು ಚಮಚ ಇಟ್ಟುಕೊಂಡು ಮೋರೆ ಸಣ್ಣದು ಮಾಡಿದ. ಢಣ್ ಎಂಬ ಸದ್ದನ್ನು ಆಮೇಲೆ ಸೇರಿಸುತ್ತಾರಂತೆ.

ಸಪ್ನಾಳ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. ಮದುವೆಯಾದ ಮೇಲೆ 'ಟೀಚರ್ ಚಿಗವ್ವನ ಅಡಿಗಿ' ಎಂದು ಹೊಸದೊಂದು ಶುರು ಮಾಡುತ್ತಾಳಂತೆ. ನೇತ್ರಾ ವಾರಕ್ಕೊಂದು ಅಡುಗೆ ಮಾಡುವುದು, ಅನಿಕೇತ ಮಾರ್ಕು ಹಾಕುವುದು. ಟೀಚರಿಗೇ ಮಾರ್ಕು ಹಾಕುವ ಹುಡುಗ ಎಂದರೆ ಮಂದಿ ಬಿದ್ದು ಬಿದ್ದು ನೋಡುತ್ತಾರಂತೆ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯುವ ಹೆಂಗಸು! ಇವರು ಸೊಸೆಯನ್ನು ಹುಡುಕಿಕೊಂಡು ಬಂದವರೋ, ಮಗನ ಮುಂದೆ ತಟ್ಟೆ ಇಡಲು ಒಬ್ಬಳನ್ನು ಹುಡುಕಿಕೊಂಡು ಬಂದವರೋ? ನೇತ್ರಾಳ ನಾಲಿಗೆಯ ತುದಿಗೆ ಬಂದದ್ದು ಬಹಳ ಇತ್ತು. ಅಮರನ ಬಗ್ಗಿದ ತಲೆ ನೋಡಿ ನುಂಗಿಕೊಂಡಳು. ಈ ಗದ್ದಲದಲ್ಲಿ ಮನುಷ್ಯ ಅಂತ ಇರುವವನು ಅವನೊಬ್ಬನೇ ಎಂದು ಅವಳಿಗೆ ಇನ್ನೂ ನಂಬಿಕೆಯಿತ್ತು.

ಉಳವಪ್ಪನವರು ಗಂಟಲು ಸರಿಮಾಡಿಕೊಂಡರು. "ಇನ್ನ ಹುಡುಗ ಹುಡುಗಿ ಒಂದೀಟ ಮಾತಾಡ್ಲಿ. ನಾವು ಚಹಾ ಕುಡಿಯೂಣು."

ನೇತ್ರಾ ಖಾಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವ್ವ ಚಹಾದ ಕಪ್ಪು ಹಿಡಿದು ಹೊರಗೆ ನಡೆದಳು. ಹಿಂದೆ ಹೆಜ್ಜೆ ಸದ್ದಾಯಿತು, ಅಮರನಿರಬೇಕೆಂದು ತಿರುಗಿದರೆ ಅನಿಕೇತ. ಬಲಗೆನ್ನೆ ಊದಿಕೊಂಡಿತ್ತು. ಅವಳ ಸೆರಗು ಜಗ್ಗಿದ.

"ಎಲ್ಲಿ ಉಗುಳ್ಲಿ?" ಎಂದ, ತುಂಬಿದ ಬಾಯಲ್ಲೇ.

"ಯಾಕೋ? ಹರಳ ಬಂತೇನು?"

ಅವನು ಅಲ್ಲವೆಂದು ತಲೆಯಾಡಿಸಿದ. ಎರಡನೇ ಸಲ ಇಟ್ಟುಕೊಂಡ ಉಪ್ಪಿಟ್ಟು ಅದು. ಇಷ್ಟು ಹೊತ್ತು, ಅವನ ಅವ್ವ ಅಡುಗೆಯ ಕನಸು ಬಿಚ್ಚಿ ಹರವುತ್ತಿರುವಷ್ಟು ಹೊತ್ತೂ, ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಕೂತಿದ್ದ. ನೇತ್ರಾಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಲಕ್ಷ ಮಂದಿ ಬಾಯಿ ಚಪ್ಪರಿಸಿಕೊಂಡು ನೋಡುವ ಮಗು ತಿನ್ನುವುದೇ ಇಲ್ಲ! ಇದನ್ನು ನೋಡಿ ತನ್ನ ಶಾಲೆಯ ಮಕ್ಕಳು ತಾಟು ಸರಿಸಿ ಉಪವಾಸ ಬೀಳುತ್ತವೆ. ಥೂ, ನಿಮ್ಮ ಬಾಳಿಗಿಷ್ಟು!

ಅವಳು ಕೆಳಗೆ ಕೂತು ಹುಡುಗನ ಎರಡೂ ಭುಜ ಹಿಡಿದಳು. "ನುಂಗು," ಎಂದಳು.

ಹುಡುಗ ಕಣ್ಣರಳಿಸಿದ.

"ನುಂಗೋ. ಯಾರೂ ಏನೂ ಅನ್ನೂದಿಲ್ಲ. ಛಲೋ ಐತಿಲ್ಲೋ?"

ಹುಡುಗ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. ಛಲೋ ಇದೆಯೆಂದು ಮೆಲ್ಲಗೆ ತಲೆಯಾಡಿಸಿದ. ಒತ್ತಿಟ್ಟ ತುತ್ತು ಕೆನ್ನೆಯಿಂದ ನಾಲಿಗೆಗೆ ಬಂತು. ಎರಡು ಸಲ ಅಗಿದ. ಗಂಟಲು ಏಳುವುದನ್ನೇ ನೇತ್ರಾ ಕಣ್ಣು ಕೀಲಿಸಿ ನೋಡುತ್ತಿದ್ದಳು.

ಆಗ ಹುಡುಗನ ಗದ್ದದ ಕೆಳಗೆ ಒಂದು ಕೈ ಬಂತು. ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ, ಬಾಯಿ ಅಗಲಿಸಿ ಹಿಡಿದದ್ದು. ಹುಡುಗ ಕುತ್ತಿಗೆ ಬಗ್ಗಿಸಿ ಇದ್ದಷ್ಟನ್ನೂ ಅದರಲ್ಲಿ ಉಗುಳಿಬಿಟ್ಟ. ಇನ್ನೊಂದು ಕೈ ಕರವಸ್ತ್ರದಿಂದ ಅವನ ತುಟಿಯನ್ನು ಬಹಳ ಮೃದುವಾಗಿ ಒರೆಸಿತು. ಎರಡೂ ಕೈ ಅಮರನವು.

"ಶಾಣ್ಯಾ," ಎಂದು ಅವನು ಹುಡುಗನ ತಲೆ ಸವರಿದ. ಆಮೇಲೆ ನೇತ್ರಾಳಿಗೆ, ಮುಜುಗರದ ನಗೆ ನಕ್ಕು, "ಇನ್ನ ಬೆಳಗಾವ್ಯಾಗ ಮೂರ ಹಾಟೇಲ ಅದಾವ್ರಿ ಇವತ್ತ. ಹೊಟ್ಟಿ ತುಂಬಿದ್ರ ಮುಂದ ಮೋತಿ ಮ್ಯಾಲ ಹಸಿವಿ ಬರೂದಿಲ್ಲ, ವೈನಿ ಸಿಟ್ಟಾಗ್ತಾರ," ಎಂದ.

"ರಾತ್ರಿ ಏನ್ ತಿಂತಾನ ಇವಾ?"

"ಬಿಸ್ಕೀಟ, ಹಾಲು. ಅಷ್ಟ ಸಾಕಂತಾನ್ರಿ. ರೂಢಿ ಆಗೈತಿ."

"ನನಗ ಹಸಿವಿನ ಆಗೂದಿಲ್ಲ ಟೀಚರ್," ಎಂದು ಹುಡುಗ ಜಂಬದಿಂದ ಹೇಳಿದ. ಅದೂ ಒಂದು ಮಾರ್ಕು ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು.

ನೇತ್ರಾ ಎದ್ದು ನಿಂತಳು. "ನಾ ಅವತ್ತ ಫೋನಿನ್ಯಾಗ ಅಷ್ಟ ಹೇಳಿದ್ನಿ. ನೀವು ಖರೇ ಐತಿ ಅಂದ್ರಿ."

"ಖರೇನ ಐತಲ್ರಿ. ನನಗೂ ಸೇರೂದಿಲ್ಲ."

"ಸೇರೂದಿಲ್ಲ ಅಂದ್ರ ಇದೇನು?"

ಅಮರ ಚೀಲದ ಬಾಯಿಯನ್ನು ಅಚ್ಚುಕಟ್ಟಾಗಿ ಗಂಟು ಹಾಕುತ್ತಿದ್ದ. ಎಷ್ಟು ಸಲ ಹಾಕಿ ಪಳಗಿದ ಬೆರಳು! "ನಾ ಏನ್ ಮಾಡೇನ್ರಿ? ವಿಡಿಯೋ ತಗ್ಯಾವರು ವೈನಿ, ನಡಸಾವ ಅಣ್ಣ," ಎಂದ, ನಿಜವಾಗಿ ಅರ್ಥವಾಗದವನ ಹಾಗೆ. "ನಾ ಬರೇ ಚೀಲ ಹಿಡೀತೇನಿ."

ಇಷ್ಟು ದಿನ ಸಂಜೆ ಸಂಜೆ ಅವಳು ಪ್ರೀತಿಯಿಂದ ಕೇಳಿದ ಮೌನ ಇದು. ಹೊರಗೆ ಕೂತ ಸಪ್ನಾಳನ್ನು ಕಂಡರೆ ಅವಳಿಗೆ ಉರಿಯುತ್ತಿತ್ತು, ನಿಜ. ಆದರೆ ಇವನನ್ನು ಕಂಡು ಹೇಸಿಕೆಯಾಯಿತು. ಆಕೆ ಹಣದಾಸೆಗೋ ಹೆಸರಿನಾಸೆಗೋ ಕೆಟ್ಟವಳು. ಇವನು ಯಾವ ಆಸೆಯೂ ಇಲ್ಲದೆ, ಸೇರದಿದ್ದರೂ, ಮೃದುವಾದ ಕೈಯಿಂದ, ಮಗುವಿನ ಗಂಟಲಲ್ಲಿ ಇಳಿಯುತ್ತಿದ್ದ ತುತ್ತನ್ನು ಹೊರಗೆ ತೆಗೆದಿದ್ದ.

ಅವಳು ಅವನನ್ನು ದಾಟಿ ಹಾಲಿಗೆ ಬಂದಳು. "ಅಪ್ಪಾ, ನಾ ಒಲ್ಲೆ," ಎಂದಳು. ಅಷ್ಟು ಬೇಕೆನಿಸಿದ್ದನ್ನು ಒಲ್ಲೆ ಅನ್ನುವುದು ಸುಲಭವಿರಲಿಲ್ಲ.

ಕಪ್ಪುಗಳೆಲ್ಲ ಅರ್ಧದಲ್ಲೇ ನಿಂತವು. "ನಾಲ್ಕ ಕೊಟ್ಟಿದ್ದಕ್ಕ ಇಷ್ಟ ಸಿಟ್ಟೇನ್ರಿ? ಹಂಗಾರ ಎಂಟ ಮಾಡೂಣು ತಗೋರಿ," ಎಂದು ಸಪ್ನಾ ನಕ್ಕಳು.

"ಉಪ್ಪಿಟ್ಟ ಆಕಿ ಮಾಡಿಲ್ಲ, ನಾ ಮಾಡೇನಿ!" ಎಂದು ಕಾಶವ್ವ ಸಿಡಿದಳು. ತಡೆದುಕೊಂಡಿದ್ದು ಸಾಕಾಗಿತ್ತು ಅವಳಿಗೆ. "ಮೂವತ್ತ ವರ್ಷ ಮಾಡಾಕತ್ತೇನಿ, ಒಬ್ಬರೂ ತಾಟಿನ್ಯಾಗ ಬಿಟ್ಟಿಲ್ಲ!"

ಉಳವಪ್ಪನವರು ಪಂಚಾಯ್ತಿಗೆ ಇಳಿದರು. "ತಡೀವಾ ತಂಗಿ. ನಮ್ಮ ಅಮರಂದ ಏನ್ ತಪ್ಪೈತಿ ಹೇಳು. ಕುಡಿಯೂದಿಲ್ಲ, ಸೇದೂದಿಲ್ಲ, ಯಾರಿಗೂ ಒಂದ ಎದರು ಮಾತಾಡಿದಾವ ಅಲ್ಲ."

"ಅದ ತಪ್ಪರಿ," ಎಂದಳು ನೇತ್ರಾ.

ದುಂಡಪ್ಪ ತಲೆಗೆ ಕೈಹೊತ್ತ. ಮಗಳಿಗೆ ಈ ಗಂಡು ಮನಸ್ಸಿಗೆ ಬಂದಿದ್ದು ಅವನಿಗೆ ಗೊತ್ತಿತ್ತು, ಸಂಜೆ ಫೋನು ಬರುವ ಹೊತ್ತಿಗೆ ಅವಳು ತಲೆ ಬಾಚಿಕೊಳ್ಳುವುದನ್ನು ಅವನು ನೋಡಿರಲಿಲ್ಲವೇ? ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಅಮರ ಬಂದು ನಿಂತ, ಒಂದು ಕೈಯಲ್ಲಿ ಅನಿಕೇತ, ಇನ್ನೊಂದು ಕೈಯಲ್ಲಿ ಗಂಟು ಹಾಕಿದ ಚೀಲ. ದುಂಡಪ್ಪನಿಗೆ ಅದನ್ನು ನೋಡಿ ಜೀವ ಬಂದಂತಾಯಿತು.

"ಹುಚ್ಚಿ!" ಎಂದು ಮಗಳನ್ನು ಗದರಿಸಿದ. "ಒಳಗ ಕರಕೊಂಡ ಹೋಗಿ ಅವರಿಗೆ ಉಪ್ಪಿಟ್ಟಿನ ಬುತ್ತಿ ಕಟ್ಟಿಕೊಟ್ಟೀದಿ. ಇಲ್ಲಿ ಬಂದು ಒಲ್ಲೆ ಅಂತೀದಿ. ಮನಸಿಲ್ಲದಾಕಿ ಬುತ್ತಿ ಯಾಕ ಕಟ್ಟತಿದ್ದಿ?"

ಅಮರ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಸಪ್ನಾ ದೀಪ ಆರಿಸಿ ಸ್ಟ್ಯಾಂಡು ಮಡಚತೊಡಗಿದಳು.

"ಬುತ್ತಿ ಅಲ್ರಿ ಅಜ್ಜಾ," ಎಂದು ಅನಿಕೇತ ತಿದ್ದಿದ, ತಪ್ಪು ಹೇಳಿದ ದೊಡ್ಡವರನ್ನು ಸಣ್ಣ ಹುಡುಗರು ತಿದ್ದುವ ಹಾಗೆ. "ನಾ ಉಗುಳಿದ್ದರಿ ಅದು. ನುಂಗಾಂವ ಇದ್ನಿ, ಕಾಕಾ ಹಿಡದ."

ದುಂಡಪ್ಪ ಮಗಳನ್ನು ನೋಡಿದ, ಹುಡುಗನ ಕೋಟಿನೊಳಗೆ ಎದ್ದು ಕಾಣುವ ಎಲುಬು ನೋಡಿದ. ಮೊಣಕಾಲಿಗೆ ಕೈಯೂರಿ ಎದ್ದ. ಬಾಗಿಲು ಅರ್ಧ ತೆರೆದೇ ಇತ್ತು. ಅವನು ಹೋಗಿ ಅದನ್ನು ಪೂರ್ತಿ ತೆರೆದು, ಬೀಗರಾಗಬೇಕಾಗಿದ್ದವರ ಚಪ್ಪಲಿಗಳು ಕಾಣುವ ಹಾಗೆ ಬದಿಗೆ ಸರಿದು ನಿಂತ.